ದುಬಾರಿ ಡೈ, ಅಗ್ಗದ ಪುರಾವೆ

ಅಮೆರಿಕದಲ್ಲಿ ರೈಫಲ್ ಗುರಿಕಾರರು ತಮ್ಮ ತೋಟಾಗಳನ್ನು ತಾವೇ ತುಂಬಿಕೊಳ್ಳುವುದು ಕಾನೂನು ಒಪ್ಪಿದ, ತೀರಾ ಸಾಮಾನ್ಯವಾದ ಹವ್ಯಾಸ. ಒಮ್ಮೆ ಹಾರಿಸಿದ ಹಿತ್ತಾಳೆ ಕೇಸನ್ನು ಗ್ಯಾರೇಜಿನ ಮೇಜಿಗೆ ಬಿಗಿದ ಪ್ರೆಸ್ಸಿನಲ್ಲಿಟ್ಟು ಅಳತೆಗೆ ತರುತ್ತಾರೆ, ಹೊಸ ಕೇಪು ಕೂರಿಸುತ್ತಾರೆ, ಮದ್ದು ತೂಗಿ ಸುರಿಯುತ್ತಾರೆ, ಕೊನೆಗೆ ಗುಂಡನ್ನು ಒತ್ತಿ ನಿಲ್ಲಿಸುತ್ತಾರೆ. ಕೇಸನ್ನು ಅಳತೆಗೆ ತರುವ ಉಕ್ಕಿನ ಅಚ್ಚು ಸೈಜಿಂಗ್ ಡೈ. ಗುಂಡನ್ನು ಒತ್ತುವುದು ಸೀಟಿಂಗ್ ಡೈ. ಒಂದೇ ತೋಟಾಕ್ಕೆ ಐವತ್ತು ಡಾಲರಿನೊಳಗೂ ಒಂದು ಜೋಡಿ ಡೈ ಸಿಗುತ್ತದೆ, ಕೆಲವು ನೂರು ಡಾಲರಿಗೂ ಸಿಗುತ್ತದೆ. ಈ ಅಂತರದ ಮೇಲೆ ಬೆಳೆದು ನಿಂತ ನಂಬಿಕೆಯೊಂದಿದೆ: ಡೈಗೆ ಹೆಚ್ಚು ಕೊಟ್ಟಷ್ಟೂ ಗುರಿಹಲಗೆಯ ಮೇಲೆ ತೂತುಗಳು ಹತ್ತಿರ ಬರುತ್ತವೆ, ಮೈಕ್ರೋಮೀಟರ್ ತಲೆಯ, ಬುಶಿಂಗ್ ಬದಲಿಸಬಲ್ಲ ಡೈ ಇಲ್ಲದೆ ನಿಖರ ತೋಟಾ ತಯಾರಿಸುವ ಮಾತೇ ಬೇಡ. ಹೊಸಬರಿಗೆ ಅನುಭವಿಗಳು ಕೊಡುವ ಮೊದಲ ಬುದ್ಧಿಮಾತೂ ಬಹುಪಾಲು ಇದೇ. ನನ್ನ ಪ್ರಕಾರ ಇದು ತಪ್ಪು. ದುಬಾರಿ ಡೈ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅದು ಗುರಿಯನ್ನು ಸುಧಾರಿಸಿತು ಎನ್ನಲು ತೋರಿಸುವ ಪುರಾವೆ ಪುರಾವೆಯೇ ಅಲ್ಲ, ಮತ್ತು ಡೈ ಆರಿಸುವಾಗ ನಿಜವಾಗಿ ನೋಡಬೇಕಾದ ಸಂಗತಿ ಅಂಗಡಿಯ ಬೆಲೆಚೀಟಿಯ ಮೇಲೆ ಇರುವುದಿಲ್ಲ.

ಮೊದಲು ಡೈ ಮಾಡುವ ಕೆಲಸ ಏನೆಂದು ನೋಡೋಣ. ಕುದುರೆ ಎಳೆದಾಗ ಕೇಸಿನೊಳಗಿನ ಒತ್ತಡ .308 ವಿಂಚೆಸ್ಟರಿನಂಥ ತೋಟಾದಲ್ಲಿ ಚದರ ಇಂಚಿಗೆ 62,000 ಪೌಂಡಿನವರೆಗೂ ಹೋಗಬಹುದು. ಆ ಒತ್ತಡಕ್ಕೆ ಹಿತ್ತಾಳೆ ಉಬ್ಬಿ, ಕೋವಿಯಲ್ಲಿ ತೋಟಾ ಕೂರುವ ಚೇಂಬರಿನ ಗೋಡೆಗೆ ಅಂಟಿಕೊಳ್ಳುತ್ತದೆ. ಒತ್ತಡ ಇಳಿದ ಮೇಲೆ ಕೂದಲೆಳೆಯಷ್ಟು ಹಿಂದೆ ಸರಿಯುತ್ತದೆ. ಹೊರಬಂದ ಕೇಸು ಆ ಕೋವಿಯ ಚೇಂಬರಿನದೇ ಪಡಿಯಚ್ಚು. ಅದನ್ನು ಮತ್ತೆ ಸಲೀಸಾಗಿ ಒಳಹೋಗುವಷ್ಟು ಕುಗ್ಗಿಸುವುದು, ಹೆಗಲನ್ನು (ಕುತ್ತಿಗೆಯ ಬುಡದ ಇಳಿಜಾರನ್ನು) ಒಂದಿಷ್ಟು ಹಿಂದಕ್ಕೆ ತಳ್ಳುವುದು, ಹೊಸ ಗುಂಡನ್ನು ಹಿಡಿಯುವಂತೆ ಕುತ್ತಿಗೆಯನ್ನು ಬಿಗಿ ಮಾಡುವುದು, ಸೈಜಿಂಗ್ ಡೈಯ ಕೆಲಸ ಇಷ್ಟೇ. ಬೋಲ್ಟ್ ಆಕ್ಷನ್ ರೈಫಲಿನಲ್ಲಿ ಹೆಗಲು ಇಂಚಿನ ಸಾವಿರದ ಒಂದೆರಡು ಪಾಲು ಹಿಂದೆ ಸರಿದರೆ ಸಾಕು. ವರ್ಕ್‌ಶಾಪಿನ ಮಾತಿನಲ್ಲಿ ಒಂದೆರಡು ಥೌ. ತಾನಾಗಿ ತೋಟಾ ಎಳೆದುಕೊಳ್ಳುವ ಅರೆಸ್ವಯಂಚಾಲಿತ ರೈಫಲಿಗೆ ಮೂರು ನಾಲ್ಕು. ಕುಗ್ಗಿಸುವುದು ಕಡಿಮೆಯಾದರೆ ಬೋಲ್ಟ್ ಮುಚ್ಚಲು ತಿಣುಕಬೇಕು. ಹೆಚ್ಚಾದರೆ ಪ್ರತಿ ಸಲ ಹಾರಿಸಿದಾಗಲೂ ಕೇಸು ಉದ್ದಕ್ಕೆ ಜಗ್ಗುತ್ತದೆ, ಬುಡದ ಬಳಿಯ ಗೋಡೆ ತೆಳುವಾಗುತ್ತ ಹೋಗುತ್ತದೆ. ತುದಿ ಬಗ್ಗಿಸಿದ ತಂತಿಯೊಂದನ್ನು ಒಳಗೆ ಬಿಟ್ಟು ಗೋಡೆಗೆ ತಾಗಿಸಿ ಮೇಲಕ್ಕೆಳೆದರೆ, ಆ ತೆಳುವಾದ ಜಾಗದಲ್ಲಿ ತುದಿ ಸಣ್ಣ ಕಾಲುವೆಗೆ ಸಿಕ್ಕಿದ ಹಾಗೆ ತಡೆಯುತ್ತದೆ. ಹೊರಗೆ ಅದೇ ಎತ್ತರದಲ್ಲಿ ಹೊಳೆಯುವ ಒಂದು ಬಳೆ ಕಾಣುತ್ತದೆ. ಅಂಥ ಕೇಸು ಮುಂದಿನ ಸಲ ಎರಡು ತುಂಡಾದೀತು.

ಈಗ ಈ ಕೆಲಸದ ಎದುರು ಡೈಯ ಬೆಲೆಯನ್ನು ಇಟ್ಟು ನೋಡಿ. 1926ರಲ್ಲಿ ಹುಟ್ಟಿದ ಸಾಮಿ ಎಂಬ ಅಮೆರಿಕದ ತಯಾರಕರ ಸಂಸ್ಥೆ ಪ್ರತಿ ತೋಟಾಕ್ಕೂ ಚೇಂಬರಿಗೂ ಅಳತೆ ನಿಗದಿ ಮಾಡುತ್ತದೆ. .308ರ ಚೇಂಬರಿನಲ್ಲಿ ಹೆಗಲಿನವರೆಗಿನ ಉದ್ದ 1.630 ಇಂಚಿನಿಂದ 1.640ರವರೆಗೆ ಎಷ್ಟಾದರೂ ಇರಬಹುದು. ಅಂದರೆ ಎರಡು ಕೋವಿಗಳೂ ನಿಯಮಕ್ಕೆ ಸರಿಯಾಗಿದ್ದು, ಒಂದಕ್ಕೊಂದು ಹತ್ತು ಥೌ ಭಿನ್ನವಾಗಿರಲು ಸಾಧ್ಯ. ಡೈ ತಯಾರಿಸುವವನಿಗೆ ನಿಮ್ಮ ಕೋವಿ ಯಾವ ತುದಿಯದ್ದೆಂದು ಗೊತ್ತಿಲ್ಲ. ಎಲ್ಲರ ಕೋವಿಗೂ ಹೊಂದಲೆಂದು ಆತ ಚಿಕ್ಕದನ್ನೇ ಮನಸ್ಸಿನಲ್ಲಿಟ್ಟು ಕೊರೆಯುತ್ತಾನೆ. ಅದನ್ನು ತಂದು ಪ್ರೆಸ್ಸಿನಲ್ಲಿ ಅಡಿಮುಟ್ಟ ತಿರುಗಿಸಿ ಕೂರಿಸಿದರೆ, ಐವತ್ತು ಡಾಲರಿನ ಡೈಯೂ ಮುನ್ನೂರು ಡಾಲರಿನ ಡೈಯೂ ದೊಡ್ಡ ಚೇಂಬರಿನ ಕೇಸನ್ನು ಒಂದೇ ರೀತಿ ಹಾಳುಮಾಡುತ್ತವೆ. ತಿರುಪು ಸಡಿಲಿಸಿ ಹೊಂದಿಸಿದರೆ ಎರಡೂ ಒಂದೇ ರೀತಿ ಸರಿಯಾಗುತ್ತವೆ. ಈ ಡೈಗಳ ಹೊರಮೈಯ ಮರೆ ಬಹುತೇಕ ಎಲ್ಲ ತಯಾರಕರಲ್ಲೂ ಒಂದೇ, ಇಂಚಿನ ಎಂಟರಲ್ಲಿ ಏಳು ಪಾಲು ವ್ಯಾಸ, ಇಂಚಿಗೆ 14 ಸುತ್ತು. ಒಂದು ಪೂರ್ಣ ಸುತ್ತಿಗೆ ಡೈ ಸುಮಾರು 71 ಥೌ ಇಳಿಯುತ್ತದೆ. ಒಂದು ಥೌ ಬೇಕಿದ್ದರೆ ಐದು ಡಿಗ್ರಿ ತಿರುಗಿಸಬೇಕು, ಗಡಿಯಾರದ ನಿಮಿಷದ ಮುಳ್ಳು ಒಂದು ನಿಮಿಷದಲ್ಲಿ ಸರಿಯುವುದಕ್ಕಿಂತ ಕಡಿಮೆ. ಆ ಐದು ಡಿಗ್ರಿಯನ್ನು ತಿರುಗಿಸುವುದು ಕೈ. ಎಷ್ಟು ತಿರುಗಿಸಬೇಕೆಂದು ಹೇಳುವುದು ಹಾರಿಸಿದ ಕೇಸಿನ ಹೆಗಲನ್ನು ಅಳೆಯುವ ಕಂಪ್ಯಾರೇಟರ್. ಅಳತೆ ಕೊಡದೆ ದುಬಾರಿ ರೇಷ್ಮೆ ತಂದುಕೊಟ್ಟರೆ ದರ್ಜಿ ಏನು ಮಾಡಿಯಾನು? ಎಷ್ಟೋ ಜನರ ಮೇಜಿನ ಮೇಲೆ ಮೂರು ಬಗೆಯ ಡೈಗಳಿರುತ್ತವೆ, ಅವಕ್ಕಿಂತ ಅಗ್ಗದ ಕಂಪ್ಯಾರೇಟರ್ ಒಂದು ಇರುವುದಿಲ್ಲ.

ಹಾಗಾದರೆ ಜನ ಕಣ್ಣಾರೆ ಕಂಡೆವೆಂದು ಹೇಳುವುದೆಲ್ಲ ಸುಳ್ಳೇ? ಹಳೆಯ ಡೈಯಿಂದ ತುಂಬಿದ ಮೂರು ತೋಟಾ ಹಾರಿಸಿದರು, ಗುಂಪು ಒಂದು ಇಂಚು ಬಂತು. ಹೊಸದರಿಂದ ತುಂಬಿದ ಮೂರು ಹಾರಿಸಿದರು, ಅರ್ಧ ಇಂಚು ಬಂತು. ಸುಳ್ಳೇನಿಲ್ಲ, ಆದರೆ ಇದರಿಂದ ಏನೂ ಸಿದ್ಧವಾಗುವುದಿಲ್ಲ. ಗುಂಪಿನ ಅಗಲವೆಂದರೆ ಒಂದಕ್ಕೊಂದು ಅತಿ ದೂರವಿರುವ ಎರಡು ತೂತುಗಳ ನಡುವಿನ ಅಂತರ. ಅಮೆರಿಕದ ಸೇನೆಯ ಬ್ಯಾಲಿಸ್ಟಿಕ್ ಸಂಶೋಧನಾಲಯದ ಸಂಖ್ಯಾಶಾಸ್ತ್ರಜ್ಞ ಫ್ರ್ಯಾಂಕ್ ಗ್ರಬ್ಸ್ 1964ರಲ್ಲಿ ರೈಫಲ್‌ದಾರರಿಗೂ ಕ್ಷಿಪಣಿ ಎಂಜಿನಿಯರುಗಳಿಗೂ ಎಂದೇ ಈ ಲೆಕ್ಕವನ್ನು ಪುಸ್ತಕ ಮಾಡಿ ಕೊಟ್ಟರು. ಒಂದೇ ಕೋವಿ, ಒಂದೇ ತೋಟಾ, ಏನೂ ಬದಲಿಸಿಲ್ಲ. ಆದರೂ ಮೂರು ಗುಂಡಿನ ಗುಂಪಿನ ಅಗಲ ತನ್ನ ಸರಾಸರಿಯಿಂದ ಆಚೀಚೆ ಸುಮಾರು ಶೇ 37ರಷ್ಟು ಓಲಾಡುವುದು ಸಹಜ. ಹತ್ತು ಗುಂಡಿನ ಗುಂಪಿನಲ್ಲಿ ಈ ಓಲಾಟ ಶೇ 20ರ ಆಸುಪಾಸಿಗೆ ಇಳಿಯುತ್ತದೆ. ಇನ್ನೊಂದು ಬಗೆಯಲ್ಲಿ ನೋಡಿ: ಒಂದೇ ಡಬ್ಬಿಯ ಒಂದೇ ಬಗೆಯ ತೋಟಾಗಳನ್ನು ಮೂರು ಮೂರರಂತೆ ಜೋಡಿ ಗುಂಪುಗಳಾಗಿ ಹಾರಿಸಿದರೆ, ನೂರು ಜೋಡಿಗಳಲ್ಲಿ ಹೆಚ್ಚುಕಡಿಮೆ 45ರಲ್ಲಿ ದೊಡ್ಡ ಗುಂಪು ಚಿಕ್ಕದರ ಒಂದೂವರೆ ಪಟ್ಟನ್ನು ಮೀರಿರುತ್ತದೆ. ಡೈ ಬದಲಾಗಿಲ್ಲ, ಮದ್ದು ಬದಲಾಗಿಲ್ಲ, ಕೈಯೂ ಬದಲಾಗಿಲ್ಲ. ಆ ನಡುವೆ ಹೊಸ ಡೈ ಕೊಂಡವನಿಗೆ ಮಾತ್ರ ಬದಲಾವಣೆಗೆ ಕಾರಣ ಗೊತ್ತಿರುತ್ತದೆ! ಗುಂಪು ದೊಡ್ಡದಾಗಿ ಬಂದಿದ್ದರೆ ಆತ ಏನೆನ್ನುತ್ತಿದ್ದ ಎಂಬುದೂ ಊಹಿಸಬಹುದಾದದ್ದೇ. ಗಾಳಿ ಬೀಸಿತು, ಕುದುರೆ ಎಳೆಯುವಾಗ ಕೈ ಅದುರಿತು, ಇದು ಲೆಕ್ಕಕ್ಕಿಲ್ಲ. ಚಿಕ್ಕ ಗುಂಪಿನ ಫೋಟೊ ಊರೆಲ್ಲ ಸುತ್ತುತ್ತದೆ, ದೊಡ್ಡದು ಕಸದ ಬುಟ್ಟಿ ಸೇರುತ್ತದೆ. ಹೀಗೆ ಆರಿಸಿದ ಫೋಟೊಗಳ ರಾಶಿಯೇ ಇಂದು ದುಬಾರಿ ಡೈಯ ಪರವಾಗಿ ನಿಂತಿರುವ ಮುಖ್ಯ ಸಾಕ್ಷಿ.

ಇದಕ್ಕಿಂತ ಆಳದ ತೊಂದರೆ ಇನ್ನೊಂದಿದೆ. ಗುಂಡು ಚದುರಲು ನೂರೆಂಟು ಕಾರಣ: ನಳಿಗೆ, ಗುಂಡಿನ ತಯಾರಿಕೆ, ಮದ್ದಿನ ತೂಕ, ದೂರ್ಬೀನು, ಹಾರಿಸುವವನ ಹೆಗಲು. ಒಂದಕ್ಕೊಂದು ಸಂಬಂಧವಿಲ್ಲದ ಈ ದೋಷಗಳು ನೇರವಾಗಿ ಕೂಡುವುದಿಲ್ಲ. ಲಂಬಕೋನ ತ್ರಿಭುಜದ ಬಾಹುಗಳ ಹಾಗೆ ವರ್ಗಗಳಾಗಿ ಕೂಡುತ್ತವೆ. ಡೈಯೊಂದನ್ನು ಬಿಟ್ಟು ಉಳಿದೆಲ್ಲ ಸೇರಿ ಅರ್ಧ ಎಂಒಎ ಚದುರಿಸುತ್ತವೆ ಎನ್ನಿ. ಎಂಒಎ ಕೋನದ ಅಳತೆ; ನೂರು ಗಜಕ್ಕೆ ಒಂದು ಎಂಒಎ ಎಂದರೆ ಒಂದು ಇಂಚಿಗಿಂತ ಚೂರು ಹೆಚ್ಚು. ಡೈಯ ಪಾಲು ಧಾರಾಳವಾಗಿ 0.2 ಎಂದೇ ಇಟ್ಟುಕೊಳ್ಳೋಣ. ಒಟ್ಟು 0.7 ಆಗುವುದಿಲ್ಲ, 0.54 ಆಗುತ್ತದೆ. ನಾಳೆ ದೇವಲೋಕದ ಡೈ ತಂದು ಆ 0.2ನ್ನು ಸೊನ್ನೆ ಮಾಡಿದರೂ ಸಿಗುವ ಲಾಭ 0.04 ಎಂಒಎ, ನೂರು ಗಜದಲ್ಲಿ ಒಂದು ಮಿಲಿಮೀಟರು. ಸಾವಿರ ಗಜದಲ್ಲೂ ಅದು ಅರ್ಧ ಇಂಚನ್ನು ಮುಟ್ಟುವುದಿಲ್ಲ; ಅಷ್ಟು ದೂರದಲ್ಲಿ 6.5 ಕ್ರೀಡ್‌ಮೋರ್ ಎಂಬ ತೋಟಾದ ಗುಂಡು ಅಡ್ಡಗಾಳಿಯ ವೇಗವನ್ನು ಗಂಟೆಗೆ ಒಂದೇ ಒಂದು ಮೈಲಿ ತಪ್ಪಾಗಿ ಅಂದಾಜಿಸಿದರೂ ಸುಮಾರು ಏಳು ಇಂಚು ಪಕ್ಕಕ್ಕೆ ಸರಿಯುತ್ತದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲವನ್ನು ಸಮ ಮಾಡಿಕೊಡುವ ಸಾಮಾನು ಮಾರುವ ಅಂಗಡಿಗಳೂ ಇವೆ ಎಂಬುದಷ್ಟೇ ವ್ಯತ್ಯಾಸ.

ದುಬಾರಿ ಡೈಯ ಒಂದೊಂದು ಅಂಗವೂ ಯಾವುದೋ ನಿಜವಾದ ತೊಂದರೆಯ ಉತ್ತರವಾಗಿಯೇ ಹುಟ್ಟಿತು ಎಂಬುದನ್ನು ಒಪ್ಪಲೇಬೇಕು. ಸಾಮಾನ್ಯ ಡೈ ತೆಳು ಹಿತ್ತಾಳೆಗೂ ದಪ್ಪ ಹಿತ್ತಾಳೆಗೂ ಆಗಬೇಕಾದ್ದರಿಂದ ಕುತ್ತಿಗೆಯನ್ನು ಬೇಕಾದ್ದಕ್ಕಿಂತ ಹೆಚ್ಚು ಹಿಸುಕಿಬಿಡುತ್ತದೆ. ಆಮೇಲೆ ಒಳಗಿನ ಕಡ್ಡಿಯ ತುದಿಯಲ್ಲಿರುವ ಗುಂಡಿಯೊಂದು ಹೊರಬರುವಾಗ ಕುತ್ತಿಗೆಯನ್ನು ಮತ್ತೆ ಅಗಲಿಸುತ್ತದೆ. ಒಣಗಿದ ಕುತ್ತಿಗೆಯಲ್ಲಿ ಆ ಗುಂಡಿ ಕಿರುಗುಟ್ಟುತ್ತ ಬರುವುದು ಪ್ರೆಸ್ಸಿನ ಹಿಡಿಕೆಯಲ್ಲೇ ಗೊತ್ತಾಗುತ್ತದೆ; ಕುತ್ತಿಗೆ ಒಂದು ಕಡೆಗೆ ವಾಲಲೂಬಹುದು. ಇದಕ್ಕೆ ಮದ್ದಾಗಿ ಬಂದದ್ದು ಬುಶಿಂಗ್: ನಿಮ್ಮ ತೋಟಾದ ಕುತ್ತಿಗೆಗೆ ತಕ್ಕ ಅಳತೆಯ ಉಂಗುರವನ್ನು ಆರಿಸಿ ಹಾಕಿ, ಬೇಕಾದಷ್ಟೇ ಹಿಸುಕಿ. ಒಳ್ಳೆಯ ಯೋಚನೆಯೇ. ಆದರೆ ಬುಶಿಂಗ್ ಹೊರಗಿನಿಂದ ಹಿಸುಕುತ್ತದೆ. ಕುತ್ತಿಗೆಯ ಗೋಡೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳುವಾಗಿದ್ದರೆ ಆ ಏರುಪೇರನ್ನು ಹಾಗೆಯೇ ಒಳಕ್ಕೆ, ಗುಂಡು ಕೂರುವ ಕಡೆಗೆ, ತಳ್ಳಿಬಿಡುತ್ತದೆ. ಕುತ್ತಿಗೆ ತಿರುವಿ ಸಮ ಮಾಡದ ಸಾಧಾರಣ ಕೇಸಿಗೆ ಬುಶಿಂಗ್ ಡೈ ಕೊಂಡವರು ದೋಷವನ್ನು ತೆಗೆದಿಲ್ಲ, ಅದರ ಜಾಗ ಬದಲಿಸಿದ್ದಾರೆ. ಅದೇ ಕೆಲಸವನ್ನು ವಿಸ್ಕಾನ್ಸಿನ್‌ನ ಲೀ ಕಂಪನಿಯ ಅಗ್ಗದ ಕಾಲೆಟ್ ಡೈ ಬೇರೆ ದಾರಿಯಲ್ಲಿ ಮಾಡುತ್ತದೆ: ಒಳಗೆ ಕಡ್ಡಿ, ಹೊರಗೆ ಬೆರಳುಗಳಂಥ ಸೀಳು, ಕುತ್ತಿಗೆಯನ್ನು ಕಡ್ಡಿಗೆ ಒತ್ತಿ ಹಿಡಿಯುತ್ತದೆ. ಇನ್ನು ಮಾಮೂಲಿ ಡೈಯಿಂದ ಆ ಗುಂಡಿಯನ್ನು ತೆಗೆದುಹಾಕಿ ಮ್ಯಾಂಡ್ರೆಲ್ ಎಂಬ ಬೇರೊಂದು ಕಡ್ಡಿಯಿಂದ ಅಗಲಿಸುವುದಕ್ಕೂ, ಡೈಯ ಕುತ್ತಿಗೆಯನ್ನು ತಯಾರಕರಿಂದಲೇ ಬೇಕಾದ ಅಳತೆಗೆ ಉಜ್ಜಿಸಿಕೊಳ್ಳುವುದಕ್ಕೂ ಹೊಸ ಡೈಯಷ್ಟು ಖರ್ಚಿಲ್ಲ. ಸೀಟಿಂಗ್ ಡೈಯ ಮೈಕ್ರೋಮೀಟರ್ ತಲೆಯ ವಿಷಯ ಇನ್ನೂ ಸರಳ. ಅದು ಒಂದು ಸ್ಕೇಲು. ನಿನ್ನೆ ಎಲ್ಲಿ ನಿಲ್ಲಿಸಿದ್ದಿರೋ ಅಲ್ಲಿಗೆ ಇಂದು ಬೇಗ ಮರಳಬಹುದು. ಗುಂಡನ್ನು ಒತ್ತುವುದು ಮಾತ್ರ ಒಳಗಿನ ಕಡ್ಡಿಯೇ. ಅದರ ಬಾಯಿ ಆಳವಿಲ್ಲದೆ ಉದ್ದ ಮೂಗಿನ ಗುಂಡಿನ ತುದಿಗೆ ತಾಗುತ್ತಿದ್ದರೆ ಸ್ಕೇಲಿನಲ್ಲಿ ಎಷ್ಟು ಗೆರೆಗಳಿದ್ದರೂ ಆಳ ಒಂದೇ ಸಮ ಬರುವುದಿಲ್ಲ. ಆ ಕಡ್ಡಿ ಬಿಡಿಯಾಗಿ ಸಿಗುತ್ತದೆ.

ಇಲ್ಲಿಗೆ ಮುಖ್ಯ ಆಕ್ಷೇಪ ಏಳುತ್ತದೆ. ಕೋವಿಯನ್ನು ಮೇಜಿನ ಮೇಲೆ ಊರಿ ಅತಿ ಚಿಕ್ಕ ಗುಂಪಿಗಾಗಿ ಸ್ಪರ್ಧಿಸುವ ಬೆಂಚ್‌ರೆಸ್ಟ್ ಕ್ರೀಡೆಯ ಚಾಂಪಿಯನ್ನರನ್ನು ನೋಡಿ, ಅವರಲ್ಲಿ ಅಂಗಡಿಯ ಅಗ್ಗದ ಡೈ ಬಳಸುವವರು ಯಾರಿದ್ದಾರೆ? ಪ್ರಶ್ನೆ ಸರಿಯಾದದ್ದೇ, ಆದರೆ ಉತ್ತರ ಪ್ರಶ್ನೆ ಕೇಳಿದವರ ಕಡೆಗಿಲ್ಲ. ಲೂ ಪಾಲ್ಮಿಸಾನೊ ಮತ್ತು ಫೆರಿಸ್ ಪಿಂಡೆಲ್ 1970ರ ದಶಕದಲ್ಲಿ ರೂಪಿಸಿದ 6 ಎಂಎಂ ಪಿಪಿಸಿ ಎಂಬ ತೋಟಾವೇ ಇಂದಿಗೂ ಆ ಕ್ರೀಡೆಯ ನೂರು–ಇನ್ನೂರು ಗಜದ ಪಂದ್ಯಗಳನ್ನು ಆಳುತ್ತಿದೆ. ಅಲ್ಲಿ ಸ್ಪರ್ಧಿಸುವ ಗುರಿಕಾರನ ಚೇಂಬರಿನ ಕುತ್ತಿಗೆ ಬಹಳ ಬಿಗಿ. ಅದಕ್ಕೆ ತಕ್ಕಂತೆ ಪ್ರತಿ ಕೇಸಿನ ಕುತ್ತಿಗೆಯನ್ನೂ ತಿರುವಿ ತೆಳು ಮಾಡಿರುತ್ತಾನೆ. ತನ್ನ ಚೇಂಬರಿನಲ್ಲಿ ಹಾರಿಸಿದ ಕೇಸುಗಳನ್ನು ಡೈಗಾರನಿಗೆ ಕಳಿಸಿ, ಅವುಗಳಿಗೆ ತಕ್ಕ ಡೈ ಮಾಡಿಸಿಕೊಳ್ಳುತ್ತಾನೆ. ಹಣ ಹೋದದ್ದು ಹೊಂದಾಣಿಕೆಗೆ, ಹೆಸರಿಗಲ್ಲ. ಅಂಥ ಚೇಂಬರಿಲ್ಲದವನು ಅದೇ ಹೆಸರಿನ ಸಿದ್ಧ ಡೈ ಕೊಂಡರೆ ಇನ್ನೊಬ್ಬನ ಅಳತೆಯ ಅಂಗಿ ಕೊಂಡ ಹಾಗೆ. ಇನ್ನೊಂದು ಮಾತು: ಈ ಚಾಂಪಿಯನ್ನರು ಗೆಲುವನ್ನು ಒಂದು ಗುಂಪಿನಿಂದ ಎಣಿಸುವುದಿಲ್ಲ. ಐದೈದು ಗುಂಡಿನ ಐದು ಗುಂಪುಗಳ ಸರಾಸರಿ ತೆಗೆಯುತ್ತಾರೆ. ಮೂರು ತೂತು ನೋಡಿ ಡೈಯನ್ನು ಹೊಗಳುವವರು ಚಾಂಪಿಯನ್ನರ ಸಲಕರಣೆಯನ್ನು ಅನುಕರಿಸುತ್ತಾರೆ, ಎಣಿಕೆಯನ್ನಲ್ಲ.

ಎರಡನೆಯ ಆಕ್ಷೇಪಕ್ಕೆ ತೂಕ ಹೆಚ್ಚು. ನೂರು ಗಜದಲ್ಲಿ ಕಾಣದ ದೋಷ ಸಾವಿರ ಗಜದಲ್ಲಿ ಕಾಣುತ್ತದೆ. ಕುತ್ತಿಗೆಯ ಹಿಡಿತ ಒಂದೇ ಸಮ ಇಲ್ಲದಿದ್ದರೆ ಗುಂಡುಗಳ ವೇಗ ಏರುಪೇರಾಗಿ ಕೆಲವು ಮೇಲೆ, ಕೆಲವು ಕೆಳಗೆ ಬೀಳುತ್ತವೆ. ಹಿಡಿತವನ್ನು ಹತೋಟಿಯಲ್ಲಿಡುವುದು ಒಳ್ಳೆಯ ಡೈ ಎಂಬ ವಾದ. ಮೊದಲ ಎರಡು ಮಾತು ನಿಜ. ಮೂರನೆಯದರಲ್ಲಿ ಅರ್ಧ ಸತ್ಯ. ಹಿತ್ತಾಳೆಯನ್ನು ಹಿಸುಕಿ ಅಗಲಿಸಿ ಮಾಡಿದಂತೆಲ್ಲ ಗಡುಸಾಗುತ್ತದೆ, ಗಡುಸಾದಂತೆ ಹೆಚ್ಚು ಪುಟಿಯುತ್ತದೆ. ಎರಡು ಸಲ ಹಾರಿಸಿದ ಕೇಸನ್ನೂ ಎಂಟು ಸಲ ಹಾರಿಸಿದ್ದನ್ನೂ ಒಂದೇ ಬುಶಿಂಗಿನಲ್ಲಿ ಹಾಯಿಸಿದರೆ ಎರಡೂ ಒಂದೇ ಅಳತೆಗೆ ನಿಲ್ಲುವುದಿಲ್ಲ. ಅದಕ್ಕೆ ಬೇಕಾದ್ದು ಒಂದೇ ಲಾಟಿನ, ಒಂದೇ ಸಂಖ್ಯೆಯ ಸಲ ಹಾರಿಸಿದ ಕೇಸುಗಳನ್ನು ಒಟ್ಟಿಗಿಡುವುದು, ಕುತ್ತಿಗೆಗಳನ್ನು ಕಾಲಕಾಲಕ್ಕೆ ಕಾಯಿಸಿ ಮೆದು ಮಾಡುವುದು. ಅಲ್ಲದೆ ವೇಗದ ಪುರಾವೆಯೂ ಗುಂಪಿನ ಪುರಾವೆಯಷ್ಟೇ ಸಡಿಲ. ಐದು ಗುಂಡಿನಿಂದ ಲೆಕ್ಕ ಹಾಕಿದ ವೇಗದ ಪ್ರಮಾಣ ವಿಚಲನೆ ಸೆಕೆಂಡಿಗೆ 10 ಅಡಿ ಎಂದು ಯಂತ್ರ ತೋರಿಸಿದರೆ, ನಿಜವಾದದ್ದು 6ರಿಂದ 29ರ ನಡುವೆ ಎಲ್ಲಾದರೂ ಇರಬಹುದು. ಶೇ 95ರ ನಂಬಿಕೆಯಲ್ಲಿ ಹೇಳಬಹುದಾದದ್ದು ಇಷ್ಟೇ. ಹಳೆಯ ಡೈಯಲ್ಲಿ 14, ಹೊಸದರಲ್ಲಿ 9 ಎಂದು ಹಿಗ್ಗುವವರು ಇಬ್ಬರು ಕುರುಡರ ಆನೆಗಳನ್ನು ಹೋಲಿಸುತ್ತಿದ್ದಾರೆ.

ಮೂರನೆಯದು ನನ್ನ ಲೆಕ್ಕವನ್ನೇ ನನಗೆ ತಿರುಗಿಸುವ ಆಕ್ಷೇಪ. ಪುರಾವೆ ಸಡಿಲವಾದರೆ ದುಬಾರಿ ಡೈಯಿಂದ ಲಾಭವಿಲ್ಲ ಎಂಬುದೂ ಸಾಬೀತಾಗಲಿಲ್ಲವಲ್ಲ? ಹೌದು, ಆಗಲಿಲ್ಲ. ಮೇಲೆ ಹೇಳಿದ 0.54 ಮತ್ತು 0.50ರ ನಡುವಿನ ಅಂತರವನ್ನು ಹಲಗೆಯ ಮೇಲೆ ನಂಬುವ ಹಾಗೆ ಕಾಣಬೇಕಾದರೆ ಒಂದೊಂದು ಡೈಗೆ ಮುನ್ನೂರಕ್ಕೂ ಹೆಚ್ಚು ಗುಂಡು ಹಾರಿಸಬೇಕಾಗುತ್ತದೆ, ಅದೂ ಕೆಲವೇ ಸಾವಿರ ಗುಂಡಿಗೆ ಸವೆಯುವ ನಳಿಗೆಯಲ್ಲಿ. ಯಾರೂ ಹಾಗೆ ಮಾಡುವುದಿಲ್ಲ. ಆದರೆ ಕಾಣಲು ಇಷ್ಟು ಕಷ್ಟಪಡಬೇಕಾದ ಲಾಭ ಪಂದ್ಯದಲ್ಲಿ ತಾನಾಗಿ ಕೈಹಿಡಿಯುತ್ತದೆಯೆ? ಹಣ ಕೇಳುವವರು ಪುರಾವೆ ತೋರಿಸಬೇಕು. ಕೊಡುವವರ ಮೇಲೆ ಆ ಹೊರೆ ಇಲ್ಲ. ಒಳಮೈ ನುಣುಪಾದ, ತಿರುಪು ಬಿಗಿಯಾಗಿ ನಿಲ್ಲುವ, ಓದಲು ಸುಲಭವಾದ ಡೈಯನ್ನು ಕೈಗೆ ಹಿತವೆಂದು ಕೊಳ್ಳುವವರ ಮೇಲೆ ನನಗೆ ಯಾವ ತಕರಾರೂ ಇಲ್ಲ. ಹಿತಕ್ಕೆ ಕೊಂಡೆ ಎನ್ನಲಿ. ಕೇಸನ್ನು ಗೀಚುವ, ಅಳತೆ ತಪ್ಪಿದ ಅಗ್ಗದ ಡೈ ಸಿಕ್ಕರೆ ವಾಪಸು ಕೊಡಬೇಕೆಂಬುದರಲ್ಲೂ ಎರಡು ಮಾತಿಲ್ಲ.

ಈ ಉದ್ಯಮದ ಹುಟ್ಟನ್ನು ನೋಡಿದರೂ ಬೆಲೆಯ ಭ್ರಮೆ ಕರಗಬೇಕು. ಫ್ರೆಡ್ ಹಂಟಿಂಗ್‌ಟನ್ 1943ರಲ್ಲಿ ಕ್ಯಾಲಿಫೋರ್ನಿಯದ ಓರೊವಿಲ್‌ನಲ್ಲಿ ತಂದೆಯ ಲಾಂಡ್ರಿಯ ಹಿಂಕೋಣೆಯಲ್ಲಿ ಗುಂಡನ್ನೇ ಒತ್ತಿ ತಯಾರಿಸುವ ಡೈ ಮಾಡಲು ಕೂತದ್ದು, ಯುದ್ಧಕಾಲದಲ್ಲಿ ಬೇಟೆಗೆ ಒಳ್ಳೆಯ ಗುಂಡು ಸಿಗುತ್ತಿರಲಿಲ್ಲ ಎಂಬ ಕಾರಣಕ್ಕೆ. ಹಾರಿಸಿ ಎಸೆದ .22 ಕೇಸುಗಳೇ ಆ ಗುಂಡುಗಳ ಹೊದಿಕೆಯಾದವು. ರಾಕ್ ಚಕ್ ಎಂಬ ಹೆಗ್ಗಣದಂಥ ಪ್ರಾಣಿಯನ್ನು ಹೊಡೆಯಲು ಮಾಡಿದ ಆ ಅಚ್ಚಿನ ಹೆಸರೇ ಮುಂದೆ ಆರ್‌ಸಿಬಿಎಸ್ ಎಂಬ ಕಂಪನಿಯಾಯಿತು. ಇಲ್ಲದ್ದನ್ನು ಒದಗಿಸಿಕೊಳ್ಳುವ ಕಸುಬು, ಇದ್ದದ್ದನ್ನೇ ಮತ್ತೆ ಮತ್ತೆ ಕೊಳ್ಳುವ ಚಟವಾಗಲು ಎರಡು ತಲೆಮಾರು ಸಾಕಾಯಿತು.

ನಮ್ಮಲ್ಲಿ ಈ ಹವ್ಯಾಸಕ್ಕೆ ಜಾಗವಿಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಪರವಾನಗಿ ಇಲ್ಲದೆ ತೋಟಾ ತಯಾರಿಸುವುದು ಅಪರಾಧ. ನಮ್ಮ ಒಲಿಂಪಿಕ್ ರೈಫಲ್ ಗುರಿಕಾರರ ಐವತ್ತು ಮೀಟರಿನ .22 ತೋಟಾದ ಕೇಪು ಅಂಚಿನಲ್ಲೇ ಸೇರಿರುವುದರಿಂದ ಅದನ್ನು ಮತ್ತೆ ತುಂಬುವ ಪ್ರಶ್ನೆಯೂ ಇಲ್ಲ. ಆದರೂ ಅಮೆರಿಕದ ಡೈಪ್ರಿಯರು ಕಲಿಯಬೇಕಾದ ಪಾಠ ಈ .22ರವರ ಬಳಿಯೇ ಇದೆ. ದೊಡ್ಡ ಮಟ್ಟದಲ್ಲಿ ಆಡುವವರು ಜರ್ಮನಿಯಂಥ ಕಡೆಯ ಪರೀಕ್ಷಾ ಕೇಂದ್ರಗಳಿಗೆ ತಮ್ಮ ರೈಫಲನ್ನೇ ಹೊತ್ತೊಯ್ಯುತ್ತಾರೆ. ಅಲ್ಲಿ ನಳಿಗೆಯನ್ನು ಕಬ್ಬಿಣದ ಹಿಡಿಯಲ್ಲಿ ಬಿಗಿದು, ಒಂದೇ ಕಂಪನಿಯ ಒಂದೇ ಬೆಲೆಯ ತೋಟಾದ ಲಾಟು ಲಾಟುಗಳನ್ನು ಹತ್ತು ಹತ್ತರಂತೆ ಹಾರಿಸಿ, ತಮ್ಮ ನಳಿಗೆಗೆ ಒಗ್ಗಿದ ಲಾಟನ್ನು ಆರಿಸಿಕೊಂಡು ಬರುತ್ತಾರೆ. ಬೆಲೆ ಒಂದೇ, ಹೆಸರು ಒಂದೇ, ಆದರೂ ಒಂದು ಲಾಟು ಒಗ್ಗುತ್ತದೆ, ಇನ್ನೊಂದು ಒಗ್ಗುವುದಿಲ್ಲ. ತೀರ್ಪು ಕೊಡುವುದು ನಳಿಗೆ.

ಅಮೆರಿಕದಲ್ಲಿ ನೆಲೆಸಿ ಈ ಹವ್ಯಾಸ ಹಿಡಿದಿರುವ ಕನ್ನಡಿಗರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ಹೊಸ ಡೈಗೆ ಕಾರ್ಡು ಉಜ್ಜುವ ಮೊದಲು ಈಗಿರುವ ಡೈಯಿಂದಲೇ ಇಪ್ಪತ್ತು ತೋಟಾ ತುಂಬಿ, ಇಪ್ಪತ್ತನ್ನೂ ಒಂದೇ ಹಲಗೆಗೆ ಹಾರಿಸಿ, ಒಂದು ತೂತನ್ನೂ ಲೆಕ್ಕದಿಂದ ಬಿಡದೆ ಅಳೆಯಿರಿ. ಹಾರಿಸಿದ ಕೇಸಿನ ಹೆಗಲನ್ನು ಅಳೆದು, ಡೈಯಿಂದ ತೆಗೆದ ಮೇಲೆ ಮತ್ತೊಮ್ಮೆ ಅಳೆಯಿರಿ. ಅಂತರ ಎರಡು ಥೌ ಬಂದರೆ ನಿಮ್ಮ ಡೈ ಸರಿಯಾಗಿದೆ. ಎಂಟು ಬಂದರೆ ಕೆಟ್ಟಿರುವುದು ಡೈ ಅಲ್ಲ. ಅದನ್ನು ಸುಮಾರು ಮೂವತ್ತು ಡಿಗ್ರಿ ಮೇಲಕ್ಕೆ ತಿರುಗಿಸಬೇಕು, ಅಷ್ಟೇ.